ಬಾಗಿಲಕ್ಕನ ಮೊದಲ ಆಟ

ದೊಡ್ಡಾಸ್ಪತ್ರೆಯ ತುರ್ತು ವಿಭಾಗದ ಬಾಗಿಲು ಕಾಯುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಹಾಕುವವರಿಗೆ ಮಾತ್ರ ಗೊತ್ತಿತ್ತು. ಡಾಕ್ಟರರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರ ಬಾಯಲ್ಲೂ ಆಕೆ ಬಾಗಿಲಕ್ಕ. ಆಳು ಎತ್ತರವೇನಲ್ಲ, ಆದರೆ ಅಗಲ. ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ ನಿಂತಳೆಂದರೆ ಗಾಜಿನ ಬಾಗಿಲ ಮುಂದೆ ಇನ್ನೊಂದು ಬಾಗಿಲು ಹಾಕಿದ ಹಾಗೆ.

ಅಲ್ಲಿಗೆ ಸಮಾಧಾನದಲ್ಲಿ ಬರುವವರು ಯಾರಿದ್ದಾರೆ? ಬುರುಡೆ ಒಡೆದುಕೊಂಡವರು ಬರುತ್ತಾರೆ, ಒಡೆದವರೂ ಹಿಂದೆಯೇ ಬರುತ್ತಾರೆ. ಕುಡಿದವರು ಅವಳ ಕೆನ್ನೆಗೆ ಬಾರಿಸಿದ್ದಾರೆ. ಸತ್ತವನ ಅಣ್ಣತಮ್ಮಂದಿರು ಕಬ್ಬಿಣದ ಕುರ್ಚಿ ಎತ್ತಿ ಅವಳ ಮೇಲೆ ಎಸೆದಿದ್ದಾರೆ. ಒಮ್ಮೆ ಒಬ್ಬ ಅಜ್ಜಿ ಅವಳ ಹೆಬ್ಬೆರಳನ್ನು ಕಚ್ಚಿ ಹಿಡಿದದ್ದನ್ನು ಬಿಡಿಸಲು ಇಬ್ಬರು ನರ್ಸುಗಳು ಬೇಕಾಯಿತು. "ಪುಣ್ಯಕ್ಕೆ ಹಲ್ಲಿರಲಿಲ್ಲ, ಬರೀ ಒಸಡು. ಹಲ್ಲು ಕಟ್ಟಿಸ್ಕೊಂಡು ಬಾ ಅಜ್ಜಿ ಅಂತ ಕಳಿಸಿದೆ" ಎಂದು ಬಾಗಿಲಕ್ಕ ಎಲ್ಲರನ್ನೂ ನಗಿಸುತ್ತಿದ್ದಳು.

ಅವಳು ಪಾಲಿಸುತ್ತಿದ್ದದ್ದು ಒಂದೇ ನಿಯಮ. ರಕ್ತ ಸುರಿಯುತ್ತಿದ್ದವನಿಗೆ ದಾರಿ, ಉಳಿದವರಿಗೆ ಗೋಡೆ. ಯಾರು, ಎಲ್ಲಿಯವನು, ತಪ್ಪು ಯಾರದು ಎಂದು ಕೇಳುವ ಮಾತೇ ಇಲ್ಲ. ರಕ್ತ ಕಂಡೊಡನೆ ಮೈ ತಾನಾಗಿ ಓರೆಯಾಗುತ್ತಿತ್ತು, ಅವನು ಒಳಗೆ ಹೋದೊಡನೆ ಮತ್ತೆ ನೆಟ್ಟಗಾಗುತ್ತಿತ್ತು. ಮನಸ್ಸಿಗೆ ಸುದ್ದಿ ಮುಟ್ಟುವ ಮೊದಲೇ ಮೈ ಕೆಲಸ ಮುಗಿಸಿರುತ್ತಿತ್ತು.

ಹೋದ ತಿಂಗಳು ಆ ನಿಯಮವೇ ಒಬ್ಬನ ಜೀವ ತೆಗೆಯಿತು.

ಲಾರಿ ನಿಲ್ದಾಣದಲ್ಲಿ ಎರಡು ಗುಂಪುಗಳು ಬಡಿದಾಡಿಕೊಂಡಿದ್ದವು. ಒಂದು ಗುಂಪಿನ ಡ್ರೈವರ್ ಒಳಗೆ ಮಂಚದ ಮೇಲೆ ತೊಡೆಗೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಇನ್ನೊಂದು ಗುಂಪಿನವನು ಬಂದ. ಹಣೆ ಸೀಳಿ ರಕ್ತ ಕಣ್ಣಿಗಿಳಿಯುತ್ತಿತ್ತು, ಹೊಟ್ಟೆಗೊಂದು ಟವೆಲ್ ಒತ್ತಿ ಹಿಡಿದಿದ್ದ. ಬಾಗಿಲಕ್ಕ ಓರೆಯಾದಳು. ಟವೆಲ್ಲಿನೊಳಗೆ ಇದ್ದದ್ದು ಗಾಯವಲ್ಲ, ಚೂರಿ. ಅವನು ನೇರ ನಡೆದು ಹೋಗಿ ಡ್ರೈವರನ ಕುತ್ತಿಗೆಗೆ ಹಾಕಿದ, ಎಳೆದು ಇನ್ನೊಮ್ಮೆ ಹಾಕಿದ. ಬಾಗಿಲಕ್ಕ ಹಿಂದಿನಿಂದ ಎರಗಿದಳು. ಅವನು ತಿರುಗಿ ಬೀಸಿದ ಏಟಿಗೆ ಅವಳ ಮುಂಗೈ ಮೊಣಕೈ ತನಕ ಬಾಯಿ ಬಿಟ್ಟಿತು. ಅದೇ ಕೈಯಲ್ಲಿ ಅವನ ಜುಟ್ಟು ಹಿಡಿದು ಮುಖವನ್ನು ನೆಲಕ್ಕೆ ಅಪ್ಪಳಿಸಿದಳು. ಮೂಗಿನ ಎಲುಬು ಮುರಿದದ್ದು ಅವಳ ಅಂಗೈಗೆ ಗೊತ್ತಾಯಿತು. ಪೊಲೀಸರು ಬರುವ ತನಕ ಅವನ ಕತ್ತಿನ ಮೇಲೆ ಮೊಣಕಾಲೂರಿ ಕೂತೇ ಇದ್ದಳು. ಮೇಲೆ ಮಂಚದಲ್ಲಿ ಡ್ರೈವರನ ಗಂಟಲು ಸ್ವಲ್ಪ ಹೊತ್ತು ಗೊಳಗೊಳ ಎಂದು ಸುಮ್ಮನಾಯಿತು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇನ್ನು ಮೇಲೆ ಯಾರೇ ಬರಲಿ, ಮೊದಲು ಮೈಕೈ ತಪಾಸಣೆ, ಆಮೇಲೆ ಒಳಗೆ ಎಂದು ಹೊಸ ಆದೇಶ ಬಂತು. ಬೇಕಿದ್ದರೆ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಕೆಲಸ ಕೊಡುತ್ತೇವೆ ಎಂದೂ ಅಂದರು. ಕೈ ಮಾಗಿತು, ಹೊಲಿಗೆ ಬಿಚ್ಚಿದರು, ನಾಳೆ ಬೆಳಿಗ್ಗೆ ಹಾಜರಾಗಬೇಕು. ಅವಳಿಗೆ ಚೂರಿಯ ಭಯವಿರಲಿಲ್ಲ. ರಕ್ತ ಸುರಿಸಿಕೊಂಡು ಒಬ್ಬ ಎದುರು ನಿಂತಾಗ ತನ್ನ ಮೈ ಓರೆಯಾಗುತ್ತದೋ ಇಲ್ಲವೋ ಎಂಬ ಭಯ. ಆಗದಿದ್ದರೆ ಆ ಬಾಗಿಲಲ್ಲಿ ಅವಳಿಗೆ ಜಾಗವಿಲ್ಲ.

ಅವತ್ತು ಮಧ್ಯಾಹ್ನ, ಅವಳ ಜೊತೆ ಒಂದೇ ಮನೆಯಲ್ಲಿರುವ ತಮ್ಮ, ಕೆಲಸದಿಂದ ಒಂದು ಆಟ ಹಿಡಿದುಕೊಂಡು ಬಂದ. ವಿಡಿಯೊ ಗೇಮ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಅರೆಬರೆ ಬೆಂದ ಆಟಗಳನ್ನು ಯಾವತ್ತೂ ಆಡದವರ ಕೈಗೆ ಕೊಟ್ಟು, ಅವರು ಎಲ್ಲಿ ಎಡವುತ್ತಾರೆ, ಎಲ್ಲಿ ಹಿಗ್ಗುತ್ತಾರೆ ಎಂದು ನೋಡಬೇಕು. ನೋಡುವಾಗ ಬಾಯಿ ಬಿಡಬಾರದು, ಅದು ಆ ಕೆಲಸದ ಕಟ್ಟುಪಾಡು. ಬಾಯಿಬಡುಕ ತಮ್ಮನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

"ಅಕ್ಕ, ಸುಮ್ನೆ ಆಡು. ಮೊದಲನೇ ಸಲ ನೋಡ್ದಾಗ ಏನನ್ಸುತ್ತೋ ಅದನ್ನ ಹೇಳು, ಸಾಕು" ಎಂದು ಟಿವಿ ಹಚ್ಚಿ ಅವಳ ಕೈಗೆ ಕಂಟ್ರೋಲರ್ ಇಟ್ಟ.

"ಹೊಡೆದಾಟದ್ದಾ?" ಒಳಕೋಣೆಯಿಂದ ತಮ್ಮನ ಹೆಂಡತಿ ಕೇಳಿದಳು. ತೊಡೆಯ ಮೇಲೆ ಎಳೆಗೂಸು. "ಮಗು ಎದ್ದಿದೆ ರೀ. ಸೌಂಡ್ ಕಮ್ಮಿ ಮಾಡಿ. ಅತ್ತಿಗೆಗೆ ಕೈ ನೋವು ಬೇರೆ. ಇಂಥ ಹೊತ್ತಲ್ಲಿ ಇಂಥದ್ದು ಬೇಕಿತ್ತಾ?"

ಪರದೆಯ ಮೇಲೆ ಗುಡ್ಡದ ತುದಿಗೊಂದು ಕಲ್ಲಿನ ಕೋಟೆ. ನೆಲವೆಲ್ಲ ಚದುರಂಗದ ಹಾಗೆ ಚೌಕಚೌಕ. ಬಾಗಿಲಕ್ಕನ ಕಡೆಗೆ ಕಬ್ಬಿಣದ ಗುರಾಣಿ ಹಿಡಿದ ಬೆಟ್ಟದಂಥವನೊಬ್ಬ, ಬೆಂಕಿ ಉಗುಳುವ ಮಂತ್ರವಾದಿ, ಗಾಯ ಮಾಯಿಸುವ ಮುದುಕಿ, ಬಿಲ್ಲು ಹಿಡಿದ ತೆಳ್ಳನೆಯ ಹುಡುಗಿ. ಎದುರಿಗೆ ಕೊಡಲಿ ಹಿಡಿದ ಹಂದಿಮೋರೆಯ ದೈತ್ಯರು. ಇವಳು ತನ್ನವರನ್ನೆಲ್ಲ ನಡೆಸಿ, ಹೊಡೆಸಿ, 'ಸರದಿ ಮುಗಿಸು' ಎಂಬ ಗುಂಡಿ ಒತ್ತಬೇಕು. ಆಮೇಲೆ ಅವರು ಬಂದು ಹೊಡೆಯುತ್ತಾರೆ. ಅಷ್ಟು ಹೊತ್ತೂ ಇವಳು ಏನೂ ಮಾಡುವಂತಿಲ್ಲ.

"ಇದೇನೋ ಇದು! ಇವನ ತಲೆ ಮೇಲೆ ಕೊಡಲಿ ಬೀಳ್ತಿದ್ರೂ ಮದುವೆಮನೆ ಸಾಲಲ್ಲಿ ನಿಂತ ಹಾಗೆ ನಿಂತಿದ್ದಾನಲ್ಲ!"

ತಮ್ಮ ತುಟಿ ಕಚ್ಚಿಕೊಂಡು ಕೂತ.

"ಸರದಿ ಪ್ರಕಾರ ಕೊಲ್ಲೋದು. ಆಹಾ, ಎಂಥ ಮರ್ಯಾದಸ್ಥರು! ನಮ್ಮ ಬಾಗಿಲಿಗೂ ಇಂಥವರೇ ಬಂದಿದ್ರೆ ನಾನು ಕುರ್ಚಿ ಹಾಕ್ಕೊಂಡು ಸ್ವೆಟರ್ ಹೆಣೀತಿದ್ದೆ."

ಹೀಗೆ ಗೇಲಿ ಮಾಡುತ್ತಲೇ ಕೈ ಕುದುರಿತು. ಗುರಾಣಿಯವನನ್ನು ಕೋಟೆಬಾಗಿಲ ಚೌಕದಲ್ಲಿ ನೆಟ್ಟಳು. ಮೇಲೆ ಬಿದ್ದ ಹಂದಿಮೋರೆಯ ದವಡೆಗೆ ಅವನು ಗುರಾಣಿಯ ಅಂಚಿನಿಂದ ಕುಟ್ಟಿದ. ಕೋರೆಹಲ್ಲು ಕಿತ್ತು ಹಾರಿತು. ಮಂತ್ರವಾದಿ ಉಗುಳಿದ ಬೆಂಕಿಯಲ್ಲಿ ಇನ್ನೊಬ್ಬ ಉರಿಯುತ್ತ ತನ್ನವರ ನಡುವೆಯೇ ಓಡಿ ಬಿದ್ದ. ಬಿಲ್ಲಿನ ಹುಡುಗಿಯನ್ನು ಹೊರಗಿನ ದಿಬ್ಬಕ್ಕೆ ಹತ್ತಿಸಿದಳು. ಅವಳ ಬಾಣ ಒಬ್ಬನ ಕಣ್ಣಲ್ಲಿ ನೆಟ್ಟು ತಲೆಯ ಹಿಂದಿನಿಂದ ಇಣುಕಿತು. ಬಾಗಿಲಕ್ಕನ ಉಸಿರು ಜೋರಾಯಿತು. ಆ ಚೂರಿಯವನ ದಿನ ಒಂದು ಬಿಟ್ಟರೆ, ಎಷ್ಟೋ ವರ್ಷ ಹೊಡೆಸಿಕೊಂಡೂ ತಿರುಗಿ ಹೊಡೆಯದೆ ನಿಂತ ಮೈ ಅದು. "ಹಾಕು ಇನ್ನೊಂದು! ಹಾಕು!" ಎಂದು ಕೂಗಿದ್ದು ತಾನೇ ಎಂದು ಅವಳಿಗೆ ತಡವಾಗಿ ತಿಳಿಯಿತು.

ಮಗುವಿನ ಕಿವಿ ಮುಚ್ಚಿಕೊಂಡು ತಮ್ಮನ ಹೆಂಡತಿ ಬಾಗಿಲ ಸಂದಿಗೆ ಬಂದು ನಿಂತಿದ್ದಳು. "ಥೂ, ಕರುಳೆಲ್ಲ ತೋರಿಸ್ತಾರಲ್ಲ, ಯಾರ ಮಕ್ಕಳು ನೋಡ್ಬೇಕು ಇದನ್ನ?" ಎಂದು ಗೊಣಗಿದಳು. ಸ್ವಲ್ಪ ಹೊತ್ತಾದ ಮೇಲೆ ತಡೆಯಲಾರದೆ, "ಅತ್ತಿಗೆ, ಆ ಮೂಲೇಲಿರೋ ಮೂದೇವೀನ ಮೊದಲು ಹೊಡೀರಿ, ಆ ಹುಡುಗಿ ಕಡೇನೇ ಹೋಗ್ತಿದ್ದಾನೆ" ಎಂದಳು.

ಹೇಳುವಷ್ಟರಲ್ಲಿ ಸರದಿ ಮುಗಿದಿತ್ತು. ಮೂಲೆಯವನು ದಿಬ್ಬ ಹತ್ತಿ ಬಿಲ್ಲಿನ ಹುಡುಗಿಯ ತೊಡೆಗೆ ಕೊಡಲಿ ಇಳಿಸಿದ.

ಹುಡುಗಿ ಇನ್ನೂ ಸತ್ತಿರಲಿಲ್ಲ. ಬಾಗಿಲಕ್ಕನ ಸರದಿ ಬಂದಾಗ ಕಾಲೆಳೆದುಕೊಂಡು, ಚೌಕಚೌಕಕ್ಕೂ ರಕ್ತ ಬಳಿಯುತ್ತ, ಕೋಟೆಬಾಗಿಲ ತನಕ ಬಂದಳು. ಒಂದು ಕೈ ಹೊಟ್ಟೆಗೆ ಒತ್ತಿತ್ತು. ಗುರಾಣಿಯವನನ್ನು ಒಂದೇ ಒಂದು ಚೌಕ ಪಕ್ಕಕ್ಕೆ ಸರಿಸಿದರೆ ಒಳಗೆ ಬರುತ್ತಾಳೆ, ಮುದುಕಿ ಮಾಯಿಸುತ್ತಾಳೆ.

ಬಾಗಿಲಕ್ಕನ ಹೆಬ್ಬೆರಳು ಅವನನ್ನು ಸರಿಸುವ ಗುಂಡಿಯ ಮೇಲೆ ಇತ್ತು. ಒತ್ತಲಿಲ್ಲ.

ತಮ್ಮ ಅವಳ ಮುಖ ನೋಡಿದ, ಪರದೆ ನೋಡಿದ, ಮತ್ತೆ ಅವಳ ಮುಖ ನೋಡಿದ. ಕೊನೆಗೆ ಕಟ್ಟುಪಾಡು ಮುರಿದು ಬಾಯಿಬಿಟ್ಟ. "ಅಕ್ಕ, ಅವಳು ನಮ್ಮವಳು. ಅವನನ್ನ ಸರಿಸು."

"ಕೈ ತೋರಿಸ್ಲಿ."

"ಏನು?"

"ಹೊಟ್ಟೆ ಮೇಲಿರೋ ಕೈ. ತೆಗೆದು ತೋರಿಸ್ಲಿ ಮೊದಲು."

"ಈ ಆಟದಲ್ಲಿ ಹಾಗೆಲ್ಲ ತೋರ್ಸೋಕೆ ಬರಲ್ಲ ಅಕ್ಕ. ಗಾಯ ಎಲ್ಲೇ ಆದ್ರೂ ಹೊಟ್ಟೆ ಹಿಡ್ಕೊಳ್ಳೋ ಹಾಗೆ ಮಾಡಿದ್ದಾರೆ ಅಷ್ಟೇ. ಬಿಡು ಒಳಗೆ!"

ಅವಳ ಹೆಬ್ಬೆರಳು ಜಾರಿ 'ಸರದಿ ಮುಗಿಸು' ಒತ್ತಿತು. ಜಾರಿದ್ದೋ, ಒತ್ತಿದ್ದೋ, ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಹಂದಿಮೋರೆಯವರು ಒಬ್ಬೊಬ್ಬರಾಗಿ, ಅವಸರವಿಲ್ಲದೆ ಬಂದರು. ಮೊದಲನೆಯವನು ಹುಡುಗಿಯ ಬೆನ್ನಿಗೆ ಹೊಡೆದ. ಎರಡನೆಯವನು ತೋಳು ಕತ್ತರಿಸಿದ. ಹುಡುಗಿ ಉಳಿದ ಒಂದು ಕೈಯಲ್ಲಿ ಗುರಾಣಿಯನ್ನು ಬಡಿದಳು. ಠಣ್, ಠಣ್ ಎಂದು ಕಬ್ಬಿಣ ಮೊಳಗಿತು. ಗುರಾಣಿಯವನು ಅವಳನ್ನೇ ನೋಡುತ್ತ ನಿಂತಿದ್ದ, ಅವನ ಸರದಿ ಅಲ್ಲವಲ್ಲ. ಮೂರನೆಯವನ ಕೊಡಲಿಗೆ ಬಡಿತ ನಿಂತಿತು.

ಒಳಕೋಣೆಯಲ್ಲಿ ಮಗು ಅಳಲು ಶುರು ಮಾಡಿತು. ಯಾವಾಗ ಅದನ್ನು ಎತ್ತಿಕೊಂಡು ಒಳಗೆ ಓಡಿದ್ದಳೋ, ತಮ್ಮನ ಹೆಂಡತಿ ಬಾಗಿಲ ಸಂದಿಯಲ್ಲಿ ಇರಲಿಲ್ಲ.

ತಮ್ಮ ಟಿವಿ ಆರಿಸಿದ. ಕೆಲಸದ ಪ್ರಶ್ನೆಯನ್ನೇ ಕೇಳಿಬಿಟ್ಟ. "ಏನನ್ನಿಸ್ತು ಅಕ್ಕ, ಮೊದಲನೇ ಸಲಕ್ಕೆ?"

"ಅವಳು ಬಡಿದ್ಲಲ್ಲ, ಆ ಸದ್ದು ಚೆನ್ನಾಗಿ ಮಾಡಿದ್ದಾರೆ ಅಂತ ಹೇಳು ನಿಮ್ಮೋರಿಗೆ" ಎಂದು ಬಾಗಿಲಕ್ಕ ಎದ್ದಳು. ಮಾಗಿದ ಗಾಯದ ಗೆರೆಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಿದ್ದಳು.

ಮಗುವನ್ನು ಹೆಗಲಿಗೆ ಹಾಕಿ ತಟ್ಟುತ್ತ ತಮ್ಮನ ಹೆಂಡತಿ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. "ಅತ್ತಿಗೆ, ಬಟ್ಟೆ ಮಡಚೋ ಕೆಲಸಾನೇ ತಗೊಳ್ಳಿ. ನಿಮಗೆ ಏನಾದ್ರೂ ಆಗಿದೆಯೇನೋ ಅಂತ ದಿನಾ ಫೋನು ಕೈಲಿ ಹಿಡ್ಕೊಂಡು ಕೂರ್ತೀನಿ ನಾನು. ಹಾಲು ಕೂಡ ಇಳಿಯಲ್ಲ, ಗೊತ್ತಾ?"

"ನಾಳೆ ಒಂದಿನ ನಿಂತು ನೋಡ್ತೀನಮ್ಮ. ಮೊದಲು ಬಂದ ಗಾಯದವನಿಗೆ ಈ ಮೈ ದಾರಿ ಬಿಡ್ಲಿಲ್ಲ ಅಂದ್ರೆ ನಾನೇ ಹೋಗಿ ಕೇಳ್ತೀನಿ, ಬಟ್ಟೆ ಎಲ್ಲಿದೆ ಅಂತ."

ಮರುದಿನ ಆಸ್ಪತ್ರೆಯ ಬಾಗಿಲಿಗೆ ಮೊದಲು ಬಂದವನು ಒಬ್ಬ ಬಡಗಿ. ಮರ ಕೊಯ್ಯುವ ಯಂತ್ರದಿಂದ ನೇರ ಓಡಿ ಬಂದಿದ್ದ. ಅಂಗಿಯ ಮೇಲೆಲ್ಲ ಮರದ ಪುಡಿ, ಪುಡಿಯ ಮೇಲೆ ರಕ್ತ. ಎರಡೂ ಕೈಯಲ್ಲಿ ಬಟ್ಟೆಯ ಮುದ್ದೆಯೊಂದನ್ನು ಹೊಟ್ಟೆಗೆ ಅವಚಿಕೊಂಡಿದ್ದ. ಹಿಂದೆ ಕಾರ್ಖಾನೆಯ ಗುಂಪು.

ಬಾಗಿಲಕ್ಕನ ಮೈ ಓರೆಯಾಗಲಿಲ್ಲ.

"ಕೈ ತೋರಿಸಿ" ಎಂದಳು. ತನ್ನ ದನಿ ತನಗೇ ಬೇರೆಯವರದು ಅನ್ನಿಸಿತು. ಬಡಗಿ ಇಲ್ಲವೆಂದು ತಲೆಯಾಡಿಸಿ ಮುದ್ದೆಯನ್ನು ಇನ್ನೂ ಬಿಗಿಯಾಗಿ ಅವಚಿದ.

"ಸಾಯ್ತಿದ್ದಾನೆ, ಬಿಡೇ!" ಎಂದು ಗುಂಪಿನವನೊಬ್ಬ ಅವಳ ಬಾಯಿಗೆ ಗುದ್ದಿದ. ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು.

"ಬಟ್ಟೆ ಬಿಚ್ಚಿಸು ಅಕ್ಕ! ಬಿಚ್ಚಿಸ್ದೆ ಬಿಡ್ಬೇಡ!" ಪಕ್ಕಕ್ಕೆ ಹೊಸದಾಗಿ ಹಾಕಿದ್ದ ಕಾವಲಿನವನು ಚೀರಿದ.

ಬಡಗಿಯ ಮೊಣಕಾಲು ಮಡಚಿತು. ಬೀಳುತ್ತಿದ್ದವನನ್ನು ಹಿಡಿಯಲು ಅವಳ ಕೈ ಮುಂದೆ ಹೋಯಿತು. ಹೋದದ್ದು ಅವನ ಎರಡೂ ಮಣಿಕಟ್ಟಿಗೆ. ಇಕ್ಕಳದ ಹಾಗೆ ಹಿಡಿದಳು. ಮುದ್ದೆ ಇಬ್ಬರ ಹೊಟ್ಟೆಯ ನಡುವೆ ಸಿಕ್ಕಿಕೊಂಡಿತು.

"ನಡಿ. ನಾನು ಬಿಡಲ್ಲ, ನೀನೂ ಬಿಡ್ಬೇಡ. ನಡಿ!"

ಅವನ ಮುಖಕ್ಕೆ ಮುಖ ಕೊಟ್ಟು, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ, ಬೆನ್ನಿನಿಂದಲೇ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಅದರೊಳಗೆ ಚೂರಿಯಿದ್ದರೆ ಅದು ಮೊದಲು ಅವಳನ್ನೇ ದಾಟಿ ಹೋಗಬೇಕಿತ್ತು. ನೋವಿಗೆ ಹುಚ್ಚೆದ್ದ ಬಡಗಿ ಅವಳ ಕಾಲಿಗೆ ಒದ್ದ, ಹಣೆಯಿಂದ ಅವಳ ಕೆನ್ನೆಗೆ ಗುದ್ದಿದ. ಅವಳು ಬಿಡಲಿಲ್ಲ. ಮಂಚ ಸೊಂಟಕ್ಕೆ ತಗುಲಿದಾಗಲೇ ನಿಂತದ್ದು.

ಡಾಕ್ಟರು ಮುದ್ದೆ ಬಿಡಿಸಿದರು. ಒಳಗೆ ಅವನದೇ ಎರಡು ಬೆರಳು, ಉಗುರಿನಲ್ಲಿ ಇನ್ನೂ ಮರದ ಪುಡಿ.

"ತಪಾಸಣೆ ಮಾಡಿದ್ರಾ?" ಡಾಕ್ಟರು ತಲೆಯೆತ್ತದೆ ಕೇಳಿದರು.

"ಮಾಡ್ತಾನೇ ಕರ್ಕೊಂಡು ಬಂದೆ ಸಾರ್."

"ಬಾಗಿಲಕ್ಕಾ, ಬಾಗಿಲು!" ನರ್ಸ್ ಕಿರುಚಿದಳು. ಕಾವಲಿನವನನ್ನು ತುಳಿದು ಗುಂಪು ಒಳಗೆ ನುಗ್ಗಿತ್ತು. ಔಷಧಿಯ ಟ್ರೇ ನೆಲಕ್ಕೆ ಚೆಲ್ಲಿತ್ತು, ಗಾಜು ಪುಡಿಪುಡಿಯಾಗಿತ್ತು. ಬಾಗಿಲಕ್ಕ ತಲೆ ತಗ್ಗಿಸಿ ಓಡಿಹೋಗಿ ತನ್ನ ತುಟಿ ಒಡೆದವನ ಎದೆಗೆ ಹೆಗಲು ಕೊಟ್ಟಳು. ಅವನ ಬೆನ್ನು ಬಾಗಿಲ ಚೌಕಟ್ಟಿಗೆ ಬಡಿಯಿತು. ಕಾಲರ್ ಹಿಡಿದು ಅವನನ್ನು ಹೊರಗೆಸೆದು, ಇನ್ನಿಬ್ಬರನ್ನು ಅವನ ಮೇಲೆ ಕೆಡವಿ, ಬಾಗಿಲೆಳೆದು ಮುಂದೆ ನಿಂತಳು. ಯಾರದೋ ಉಗುಳು ಕತ್ತಿನ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

ಗಲಾಟೆ ಇಳಿಯುವಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಳ್ಳುತ್ತಿತ್ತು. ತಮ್ಮನ ಹೆಂಡತಿ.

"ಹೇಳಮ್ಮ" ಎಂದು ಎತ್ತಿದಳು.

"ಅತ್ತಿಗೆ, ಎಷ್ಟು ಸಲ ಮಾಡ್ದೆ, ಯಾಕೆ ಎತ್ಲಿಲ್ಲ? ಏನಾಯ್ತು? ಮಾತು ಯಾಕೆ ಹಾಗೆ ಬರ್ತಿದೆ?"

"ತುಟಿ ಒಂಚೂರು ಊದಿದೆ, ಅಷ್ಟೇ."

"ಅಯ್ಯೋ! ಹೊಲಿಗೆನಾ? ನಾನು ಆವಾಗ್ಲೇ ಹೇಳ್ದೆ. ಬಟ್ಟೆ ಕೆಲಸದ ವಿಷಯ ಕೇಳಿದ್ರಾ?"

"ಇಲ್ಲಮ್ಮ. ದಾರಿ ಬಿಡ್ತು ಈ ಮೈ, ಬೇರೆ ಥರ. ನಾಳೆನೂ ಇಲ್ಲೇ" ಎಂದ ಬಾಗಿಲಕ್ಕ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ರಸ್ತೆಯ ಕಡೆಯಿಂದ ಓಲಾಡುತ್ತ ಬರುತ್ತಿದ್ದವನ ಎರಡೂ ಕೈಗಳನ್ನು ನೋಡತೊಡಗಿದಳು.