ನಾಲ್ಕನೇ ಸಲ ಸಸಿ ನೆಡಲು ಒಪ್ಪದವಳು

ಅವಳನ್ನು ಎಲ್ಲರೂ ಅಳತೆಯಕ್ಕ ಎನ್ನುತ್ತಿದ್ದರು. ಅಳಿವೆಯ ಪಕ್ಕದ ಜೌಗುಬಯಲಿನಲ್ಲಿ ನೀರಿನ ಮಟ್ಟ ಅಳೆಯುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಮೊಣಕಾಲುದ್ದ ಕೆಸರಿಗಿಳಿದು, ಕೊಳವೆಯೊಳಗಿನ ಸೆನ್ಸರಿಗೆ ಅಂಟಿದ ಚಿಪ್ಪು ಕೆರೆದು, ಅದರಲ್ಲಿದ್ದ ಅಂಕಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬರುತ್ತಿದ್ದಳು.

ಹಿಂದೆ ಅಲ್ಲಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳ ದಟ್ಟ ಕಾಡಿತ್ತು. ಅಡ್ಡಲಾಗಿ ಮಣ್ಣು ಪೇರಿಸಿ ರಸ್ತೆ ಮಾಡಿದರು. ಉಬ್ಬರದಲ್ಲಿ ಒಳನುಗ್ಗಿದ ನೀರು ಇಳಿತದಲ್ಲಿ ಹೊರಹೋಗಲಾರದೆ ನಿಂತು, ಬೇರುಗಳು ಉಸಿರುಗಟ್ಟಿ ಮರಗಳು ಸತ್ತವು. ಅಲ್ಲಿ ಏಡಿ ಹಿಡಿದು ಬದುಕುತ್ತಿದ್ದ ಅಳತೆಯಕ್ಕನ ಅತ್ತಿಗೆ, ಏಡಿಗಳೂ ಇಲ್ಲವಾದ ಮೇಲೆ ಸಸಿ ನೆಡುವ ಕೂಲಿಗೆ ಸೇರಿದಳು.

ಕಾಡು ಮತ್ತೆ ಬೆಳೆಸುವ ಯೋಜನೆಯ ಕಚೇರಿಯವರು ಮೂರು ಸಲ ನೆಡಿಸಿದರು. ಮೂರು ಸಲವೂ ಮರುದಿನವೇ ಡ್ರೋನ್ ಹಾರಿಸಿ ಹಸಿರು ಸಾಲುಗಳ ಫೋಟೊ ತೆಗೆದರು. ಸಸಿ ಕೊಳೆತ ಮೇಲೆ ಯಾರೂ ಅತ್ತ ತಲೆ ಹಾಕಲಿಲ್ಲ.

ನಾಲ್ಕನೇ ಸಲ, ಸಭೆಯಲ್ಲಿ ಇಂಜಿನಿಯರು, "ಈ ವರ್ಷ ನಲವತ್ತು ಸಾವಿರ ಸಸಿ" ಎಂದಾಗ ಅಳತೆಯಕ್ಕ ಎದ್ದು ನಿಂತಳು.

"ಸಾರ್, ನನ್ನ ವರದಿ ಓದಿದ್ರಾ?"

"ನೋಡ್ತೀನಮ್ಮ, ಕೂತ್ಕೊಳ್ಳಿ."

"ಆರು ವರ್ಷದಿಂದ ನೋಡ್ತಾನೇ ಇದೀರ! ಅಲ್ಲಿ ದಿನಕ್ಕೆ ಇಪ್ಪತ್ತು ಗಂಟೆ ನೀರು ನಿಂತಿರತ್ತೆ. ಎಂಟು ಗಂಟೆ ದಾಟಿದ್ರೆ ಸಸಿ ಬದುಕಲ್ಲ. ನೀವು ಗಿಡ ನೆಡ್ತಿಲ್ಲ, ಹೂಳ್ತಿದೀರ."

"ನಿಮ್ಮ ಕೆಲಸ ಅಳೆಯೋದು ಅಷ್ಟೇ."

"ಅಳೆದಿದ್ದಕ್ಕೇ ಹೊಟ್ಟೆ ಉರೀತಿರೋದು!"

ಬಾಗಿಲ ಬಳಿ ಕೂಲಿ ಹೆಂಗಸರ ಜೊತೆ ನಿಂತಿದ್ದ ಅತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದಳು. "ನಾವೂ ನೆಡಲ್ಲ ಸಾರ್. ಅಷ್ಟು ಆಸೆ ಇದ್ರೆ ನೀವೇ ಕೆಸರಿಗಿಳೀರಿ."

ಮೂವತ್ತೆರಡು ಜನ ಕೆಲಸ ನಿಲ್ಲಿಸಿದರು. ಸುದ್ದಿ ಮೇಲಿನವರೆಗೂ ಹೋಗಿ, ಕೊನೆಗೆ ಒಬ್ಬಳು ವಿಜ್ಞಾನಿ ಬಂದಳು. ಹನ್ನೊಂದು ವರ್ಷದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ, ನೀರು ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಲೆಕ್ಕ ಹಾಕಿ, ರಸ್ತೆಯ ಮೇಲೆ ಮೂರು ಕಡೆ ಗುರುತು ಮಾಡಿದಳು. ಯಂತ್ರ ತಂದು ಮಣ್ಣು ಬಗೆದು, ನೀರು ಹಾಯಲು ರಸ್ತೆಯಡಿ ಮೋರಿ ಕೂರಿಸಿದರು. ಅಂದಿನ ಇಳಿತದಲ್ಲೇ ಕಪ್ಪು ನೀರು ಭೋರೆಂದು ಹೊರಬಿತ್ತು. ಅತ್ತಿಗೆ ಮೂಗು ಮುಚ್ಚಿಕೊಂಡೇ ನಕ್ಕಳು.

ಎರಡು ವರ್ಷದಲ್ಲಿ, ಯಾರೂ ನೆಡದೆ, ಅಲೆಯೊಂದಿಗೆ ತೇಲಿಬಂದ ಬೀಜಗಳೇ ಬೇರೂರಿ ಸೊಂಟದೆತ್ತರ ಬೆಳೆದವು. ಕಚೇರಿಯವರು ಇಂಜಿನಿಯರರ ಹೆಸರಿನ ಫಲಕ ನಿಲ್ಲಿಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಅಳತೆಯಕ್ಕನನ್ನೂ ಕರೆದರು.

"ಆರು ವರ್ಷ ಮೊದಲೇ ಮಾಡ್ಬೋದಿತ್ತು. ಅದನ್ನೂ ಬರೀರಿ, ಆಮೇಲೆ ನಿಂತ್ಕೋತೀನಿ" ಎಂದಳು.

ಅವರು ಬರೆಯಲಿಲ್ಲ. ಅವಳು ನಿಲ್ಲಲಿಲ್ಲ.