ಚಪ್ಪಾಳೆ ತಟ್ಟಿ ಹುಡುಕಿದ ಜಾಗ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಪರದೆ ಅಂಗಡಿಯವನೊಬ್ಬ ಖಾಲಿ ಪಾರ್ಟಿ ಹಾಲೊಂದರ ನಟ್ಟನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದ. ತಟ್ಟಿದವನೇ ತಲೆ ಓರೆ ಮಾಡಿ, ಉಸಿರು ಬಿಗಿಹಿಡಿದು ಕೇಳುತ್ತ ನಿಂತ.

ಬಾಗಿಲ ಬಳಿ ಬೀಗದಕೈ ಗೊಂಚಲು ತಿರುಗಿಸುತ್ತಿದ್ದ ಮ್ಯಾನೇಜರ್, "ಕೇಕ್ ಬಂದಿಲ್ಲ ಸಾರ್ ಇನ್ನೂ, ಚಪ್ಪಾಳೆಗೆ ಟೈಮಿದೆ" ಎಂದ.

ಪರದೆಯವನು ನಗಲಿಲ್ಲ. ಅವನ ಚಪ್ಪಾಳೆ ಗಾಜಿನ ಗೋಡೆಗೆ ಬಡಿದು, ನುಣ್ಣನೆಯ ನೆಲಕ್ಕೆ ಬಿದ್ದು, ಮತ್ತೆ ಮೇಲೆದ್ದು ಮೂಲೆಯಲ್ಲೆಲ್ಲೋ ಗುನುಗುತ್ತ ಉಳಿದಿತ್ತು. ಇಂಥ ಕೋಣೆಯಲ್ಲಿ ಒಂದು ಮಾತು ಮುಗಿಯುವ ಮುಂಚೆಯೇ ಇನ್ನೊಂದು ಮಾತು ಅದರ ಮೇಲೆ ಹತ್ತಿ ಕೂರುತ್ತದೆ. ನಮ್ಮ ನಿಮ್ಮ ಕಿವಿ ಹೇಗೋ ಎರಡನ್ನೂ ಬೇರ್ಪಡಿಸಿಕೊಳ್ಳುತ್ತದೆ. ಅವನ ಮಗಳ ಎಡಗಿವಿಯ ಹಿಂದೆ ಕೂತಿರುವ ಪುಟ್ಟ ಮಶೀನಿಗೆ ಅಷ್ಟು ಜಾಣತನವಿಲ್ಲ. ಅದು ಮಾತನ್ನೂ ಗದ್ದಲವನ್ನೂ ಒಂದೇ ಸಮ ದೊಡ್ಡದು ಮಾಡಿ ಒಳಗೆ ಸುರಿಯುತ್ತದೆ. ಬಲಗಿವಿಯಂತೂ ಹೆಸರಿಗಷ್ಟೇ, ಮಶೀನಿಟ್ಟರೂ ಕೇಳದು.

"ಇಲ್ಲಿ ದಪ್ಪ ಪರದೆ ಬೇಕು. ಆ ಗಾಜಿಗೆ ಪೂರ್ತಿ" ಎಂದ ಅವನು.

"ನೀವು ಹಾಲ್ ಬುಕ್ ಮಾಡೋಕೆ ಬಂದ್ರೋ, ಪರದೆ ಮಾರೋಕೆ ಬಂದ್ರೋ?"

ಅವನು ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿದ.

ಗುಬ್ಬಿ ಎಂದು ಮನೆಯವರೆಲ್ಲ ಕರೆಯುವ ಆ ಮಗಳಿಗೆ ಎಂಟು ತುಂಬಲು ಇನ್ನು ಎರಡು ವಾರವಿತ್ತು. ಹೋದ ವರ್ಷದ ಹುಟ್ಟುಹಬ್ಬದ ಪಾರ್ಟಿ ಇಂಥದೇ ಒಂದು ಹಾಲಿನಲ್ಲಿ ನಡೆದಿತ್ತು. ಅಂದು ಕೇಕ್ ಕತ್ತರಿಸಿ ಹತ್ತು ನಿಮಿಷವಾಗಿರಲಿಲ್ಲ, ಗುಬ್ಬಿ ಟೇಬಲ್ ಕೆಳಗೆ ನುಸುಳಿದವಳು, ಬಂದ ಮಕ್ಕಳೆಲ್ಲ ಮನೆಗೆ ಹೋಗುವವರೆಗೂ ಹೊರಗೆ ಬರಲಿಲ್ಲ. ಮೇಜುಬಟ್ಟೆಯ ಅಂಚಿನ ಕೆಳಗೆ ಅವಳ ಎರಡು ಬಿಳಿ ಬೂಟುಗಳು ಮಾತ್ರ ಕಾಣುತ್ತಿದ್ದವು. ಆ ಬೂಟುಗಳು ಅವನ ಕಣ್ಣಿಗೆ ಕಟ್ಟಿದಂತೆ ಉಳಿದುಬಿಟ್ಟಿದ್ದವು. ಈ ಸಲ ಗುಬ್ಬಿ ಪಾರ್ಟಿಯೇ ಬೇಡವೆಂದಿದ್ದಳು. ಅವಳಮ್ಮ ಪುಸಲಾಯಿಸಿ ಒಪ್ಪಿಸಿದ್ದಳು. ಈ ಸಲವೂ ಮಗು ಮೇಜಿನ ಕೆಳಗೆ ಹೊಕ್ಕರೆ ಮುಂದಿನ ವರ್ಷ ಯಾರೂ ಅವಳನ್ನು ಒಪ್ಪಿಸಲಾರರು, ಆಮೇಲೆ ಕರೆದರೆ ಬರುವವರೂ ಇರುವುದಿಲ್ಲ ಎಂಬ ಯೋಚನೆ ಅವನನ್ನು ಬಿಟ್ಟಿರಲಿಲ್ಲ. ಎಲ್ಲಕ್ಕೂ ಆ ಹಾಲಿನ ಪ್ರತಿಧ್ವನಿಯೇ ಕಾರಣವೆಂದು ಅವನು ತೀರ್ಮಾನಿಸಿದ್ದ. ಕಾರಣ ಗೊತ್ತಾದ ಮೇಲೆ ಪರಿಹಾರ ಹುಡುಕಲೇಬೇಕಲ್ಲ.

ಹುಡುಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹದಿನೆಂಟನೆಯ ವಯಸ್ಸಿಗೆ ಇನ್ನೊಬ್ಬರ ಅಂಗಡಿಯಲ್ಲಿ ಏಣಿ ಹೊರುತ್ತ ಈ ಕೆಲಸಕ್ಕೆ ಸೇರಿದವನು. ಈಗ ಸ್ವಂತದ್ದೊಂದು ಪುಟ್ಟ ಅಂಗಡಿಯಿದೆ, ಹಿಂದೆ ಬಟ್ಟೆಯ ಕೋಣೆಯಿದೆ, ಏಣಿ ಹತ್ತಿ ಹತ್ತಿ ಸವೆದ ಮಂಡಿಗಳಿವೆ. ಕಿಸೆಯಲ್ಲಿ ಸದಾ ಒಂದು ಸ್ಟೀಲ್ ಟೇಪು. ಗಿರಾಕಿಗಳು ಫೋನ್ ಮಾಡಿ, "ಕಿಟಕಿ ಮಾಮೂಲಿ ಸೈಜೇ, ಸುಮಾರಿಗೆ ಎಷ್ಟು ಬಟ್ಟೆ ಬೇಕು ಹೇಳಿ" ಎಂದರೆ ಅವನದು ಒಂದೇ ಉತ್ತರ: "ಅಳೆಯದೆ ಹೇಳಲ್ಲ." ಒಂದೇ ಮನೆಯ ಒಂದೇ ಗೋಡೆಯಲ್ಲಿರುವ ಎರಡು ಕಿಟಕಿಗಳನ್ನೂ ಬೇರೆ ಬೇರೆ ಅಳೆಯುತ್ತಿದ್ದ. ಅಳೆದ ಮೇಲೂ ಕೆಳಗಡೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಮಡಿಸಿ ಹೊಲಿಸುತ್ತಿದ್ದ. ಇರಲಿ ಅಂತ.

ಅವನ ಈ ಸ್ವಭಾವಕ್ಕೆ ಮನೆಯಲ್ಲಿ ಹೆಚ್ಚು ಸಿಕ್ಕಿಕೊಂಡವಳು ಗುಬ್ಬಿ. ಅವಳಿಗೆ ನಾಲ್ಕೂವರೆ ವರ್ಷವಿದ್ದಾಗ ಕಿವಿಯ ಡಾಕ್ಟರು, ಹಿಂದಿನಿಂದ ಕರೆದರೆ ಎಷ್ಟು ದೂರದವರೆಗೆ ತಿರುಗಿ ನೋಡುತ್ತಾಳೆ ಎಂದು ಕೇಳಿದ್ದರು. ಆರಡಿ ಎಂದು ಅವನೇ ಹೇಳಿದ್ದ. ಆಮೇಲೆ ಮಶೀನು ಬಂತು, ಮಗು ಮಾತು ಕಲಿತಳು, ಶಾಲೆಗೆ ಸೇರಿದಳು, ಕೋಣೆಯ ಆಚೆ ತುದಿಯಿಂದಲೂ ಓಗೊಡತೊಡಗಿದಳು. ಅವನು ಮಾತ್ರ ಆ ಆರಡಿಯ ಒಳಗೇ ಉಳಿದ. ರಸ್ತೆಯಲ್ಲಿ, ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ ಅವಳ ಬೆನ್ನ ಹಿಂದೆ ಅವನಿದ್ದೇ ಇರುತ್ತಿದ್ದ.

ಆ ವಾರವಿಡೀ ಅವನು ಜಾಗಗಳನ್ನು ನೋಡಿದ. ಹೋಟೆಲೊಂದರ ಮಹಡಿಯ ಕೋಣೆ ಚೆನ್ನಾಗಿತ್ತು, ಆದರೆ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಗೋಡೆಯ ಆಚೆಯೇ ಗುಂಯ್‌ಗುಟ್ಟುತ್ತಿತ್ತು. ಮಕ್ಕಳು ಪ್ಲಾಸ್ಟಿಕ್ ಚೆಂಡುಗಳ ರಾಶಿಯಲ್ಲಿ ಹೊರಳಾಡುವ ಇನ್ನೊಂದು ಜಾಗದಲ್ಲಿ ಹಾಡು ನಿಲ್ಲಿಸಲು ಆಗುವುದೇ ಇಲ್ಲ ಎಂದರು. ಸ್ವಿಚ್ಚು ಕೆಳಗಿನ ಅಂಗಡಿಯವರ ಹತ್ತಿರವಂತೆ. ಪಾರ್ಕಿನಲ್ಲಿ ಪ್ರತಿಧ್ವನಿ ಇರಲಿಲ್ಲ, ಗಾಳಿ ಇತ್ತು. ಗಾಳಿ ಬೀಸಿದರೆ ಮಶೀನಿನೊಳಗೆ ಕಾಗದ ಹರಿದಂತೆ ಸದ್ದಾಗುತ್ತದೆಂದು ಗುಬ್ಬಿಯೇ ಹಿಂದೊಮ್ಮೆ ಹೇಳಿದ್ದಳು. ಮನೆಯಲ್ಲೇ ಮಾಡೋಣವೆಂದರೆ ಹೊರಕೋಣೆಯಲ್ಲಿ ಹನ್ನೆರಡು ಮಕ್ಕಳು ಕೂತರೆ ಬಾಗಿಲು ತೆರೆಯಲಾಗದು.

ಅವನ ಹೆಂಡತಿಯ ತಮ್ಮನಿಗೆ ಇದೆಲ್ಲ ದೊಡ್ಡ ತಮಾಷೆ. "ಭಾವ, ನೀವು ಹೋದ ಕಡೆಯೆಲ್ಲ ಚಪ್ಪಾಳೆ ತಟ್ಟಿ ಬರ್ತೀರಂತೆ. ಯಾರೋ ಪಾರಿವಾಳ ಓಡಿಸೋರು ಬಂದಿದ್ರು ಅಂದ್ಕೊಂಡಿದ್ದಾರೆ ಜನ."

"ನಿಂಗೇನಪ್ಪ ಗೊತ್ತು" ಎಂದು ಅವನು ಗೊಣಗಿದ.

"ನಂಗೇನೂ ಗೊತ್ತಿಲ್ಲ. ಗುಬ್ಬಿನ ಕೇಳಿದ್ರಾ, ಎಲ್ಲಿ ಬೇಕು ಅಂತ?"

"ಅವಳಿಗೇನು ತಿಳಿಯುತ್ತೆ."

ಒಲೆಯ ಮುಂದೆ ನಿಂತಿದ್ದ ಹೆಂಡತಿ ತಿರುಗಿ ನೋಡಿದಳು. ತಟ್ಟೆಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು.

ಬುಧವಾರ ಅಂಗಡಿ ಮುಚ್ಚುವ ಹೊತ್ತಿಗೆ ಅವನಿಗೆ ಹೊಳೆಯಿತು. ಊರೆಲ್ಲ ಸುತ್ತಿದವನು ತನ್ನ ಅಂಗಡಿಯ ಹಿಂದಿನ ಕೋಣೆಯನ್ನು ಮರೆತಿದ್ದ. ನೆಲದಿಂದ ಮಾಡಿನವರೆಗೆ ಬಟ್ಟೆಯ ಸುರುಳಿಗಳು, ಮೂರು ಗೋಡೆಗೂ ಇಳಿಬಿಟ್ಟ ದಪ್ಪ ಪರದೆಗಳು. ಒಳಗೆ ಹೋಗಿ ಚಪ್ಪಾಳೆ ತಟ್ಟಿದ. ಸದ್ದು ಅಂಗೈಯಲ್ಲೇ ಸತ್ತಿತು. ಇನ್ನೊಮ್ಮೆ ತಟ್ಟಿದ. ಹತ್ತಿಯ ಮೂಟೆಗೆ ಗುದ್ದಿದಂತಿತ್ತು. ಎಷ್ಟೋ ದಿನದ ಮೇಲೆ ಅವನ ಭುಜ ಸಡಿಲಾಯಿತು.

ಮರುದಿನ ಶಾಲೆ ಬಿಟ್ಟ ಕೂಡಲೇ ಗುಬ್ಬಿಯನ್ನು ಅಲ್ಲಿಗೆ ಕರೆತಂದ. ಅವಳು ಒಂದು ಸುರುಳಿಯ ಮೇಲೆ ಕೂತು ಕಾಲಾಡಿಸುತ್ತ ಸುತ್ತಲೂ ನೋಡಿದಳು.

"ಸುರುಳಿ ಎಲ್ಲ ಅಂಚಿಗೆ ಸರಿಸ್ತೀನಿ. ಮಧ್ಯೆ ಮೇಜು. ಬಲೂನು ಮೇಲ್ಗಡೆ. ಪಿಸುಗುಟ್ಟಿದ್ರೂ ಕೇಳುತ್ತೆ ನೋಡು ಇಲ್ಲಿ. ಹೇಗಿದೆ?"

"ಚೆನ್ನಾಗಿದೆ" ಎಂದಳು ಗುಬ್ಬಿ. ಕಾಲಾಡಿಸುವುದನ್ನು ನಿಲ್ಲಿಸಿ ಕೇಳಿದಳು: "ಅಪ್ಪ, ನೀನೆಲ್ಲಿ ನಿಂತ್ಕೋತೀಯ?"

"ನಿನ್ನ ಹಿಂದೆ. ಯಾರಾದ್ರೂ ಏನಾದ್ರೂ ಅಂದ್ರೆ ನಿಂಗೆ ಹೇಳ್ಬೇಕಲ್ಲ."

ಗುಬ್ಬಿ ಬಟ್ಟೆಯ ಅಂಚಿನಿಂದ ಒಂದು ನೂಲು ಎಳೆದು ಬೆರಳಿಗೆ ಸುತ್ತಿಕೊಂಡಳು. "ಹೋದ ಸಲಾನೂ ನೀನು ಹೇಳ್ದೆ."

"ಹೂಂ. ಹೇಳ್ದೆ."

"ಎಲ್ಲಾ ಹೇಳ್ದೆ. ಹಲ್ಲು ಬಿದ್ದೋಳು ಒಂದು ಜೋಕ್ ಹೇಳಿದ್ಲಲ್ಲ, ಅದನ್ನೂ ಇನ್ನೊಂದ್ಸಲ ಹೇಳ್ದೆ. ಗಟ್ಟಿಯಾಗಿ. ಎಲ್ರೂ ನಿನ್ನನ್ನೇ ನೋಡ್ತಿದ್ರು."

"ನಿಂಗೆ ಕೇಳಿಸ್ಲಿ ಅಂತ, ಪುಟ್ಟಾ."

"ನಂಗೆ ಕೇಳಿಸಿತ್ತು. ನೀನು ಹೇಳಿದ್ಮೇಲೆ ನಗು ಬರ್ಲಿಲ್ಲ."

ಅವನು ಕಿಸೆಯಲ್ಲಿದ್ದ ಟೇಪಿನ ನಾಲಿಗೆಯನ್ನು ಎಳೆದು ಬಿಟ್ಟ, ಎಳೆದು ಬಿಟ್ಟ. "ಅದಕ್ಕಾ ಮೇಜಿನ ಕೆಳಗೆ ಹೋಗಿದ್ದು?"

"ಅಲ್ಲಿಗೆ ನೀನು ಬರಕ್ಕಾಗಲ್ವಲ್ಲ" ಎಂದಳು ಗುಬ್ಬಿ, ಅವನಿಗೆ ನೋವಾಗದಿರಲೆಂಬಂತೆ ಮೆಲ್ಲಗೆ. "ನಿಂಗೆ ಮಂಡಿ ನೋವು."

ಅವನು ಎದುರಿನ ಸುರುಳಿಯ ಮೇಲೆ ಕುಸಿದು ಕೂತ. ಕೊನೆಗೆ ಕೇಳಿದ: "ಮತ್ತೆ ಎಲ್ಲಿ ಮಾಡೋಣ?"

ಗುಬ್ಬಿಯ ಬಳಿ ಉತ್ತರ ತಯಾರಿತ್ತು. ಹಲ್ಲು ಬಿದ್ದ ಗೆಳತಿ ಶಟಲ್ ಆಡಲು ಹೋಗುವ ಒಳಾಂಗಣ ಕೋರ್ಟು. ಭಾನುವಾರ ಸಂಜೆ ಬಾಡಿಗೆಗೆ ಕೊಡುತ್ತಾರೆ. ಮರದ ನೆಲ, ಬರಿಗಾಲಲ್ಲಿ ಜಾರಬಹುದು. ದೊಡ್ಡವರು ಕೆಳಗಿಳಿಯುವಂತಿಲ್ಲ, ಮೇಲೆ ಕಟಕಟೆಯ ಹಿಂದೆ ಬೆಂಚುಗಳಿವೆ, ಅಲ್ಲೇ ಕೂರಬೇಕು. ಕೊನೆಯದನ್ನು ಹೇಳುವಾಗ ಗುಬ್ಬಿ ಅವನ ಮುಖ ನೋಡಲಿಲ್ಲ.

ಅವನು ಹೋಗಿ ನೋಡಿದ. ತಗಡಿನ ಮಾಡು, ನಾಲ್ಕೂ ಕಡೆ ಬೋಳುಗೋಡೆ. ಚಪ್ಪಾಳೆ ತಟ್ಟಿದ್ದೇ ತಡ, ಯಾರೋ ಏಳೆಂಟು ಮಂದಿ ತಿರುಗಿ ತಟ್ಟಿದಂತಾಯಿತು. ನೋಡಿದ ಜಾಗಗಳಲ್ಲೆಲ್ಲ ಇದರಷ್ಟು ಕೆಟ್ಟದ್ದು ಇನ್ನೊಂದಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹಾಗೇ ಹೇಳಿದ.

"ಅಲ್ಲೇ ಆಗ್ಲಿ" ಎಂದಳು ಅವಳು.

"ಅಲ್ಲಿ ಅವಳಿಗೆ ಒಂದಕ್ಷರ ತಿಳಿಯಲ್ಲ ಕಣೇ."

"ತಿಳಿಯದಿದ್ರೆ ಅವಳೇ ಕೇಳ್ತಾಳೆ. ಬಾಯಿದೆಯಲ್ಲ, ನಿಮ್ಮದಕ್ಕಿಂತ ಚುರುಕಾಗಿದೆ."

ಪಾರ್ಟಿಯ ಭಾನುವಾರ ಹೊರಡುವಾಗ ಹೆಂಡತಿ ಅವನ ಕಿಸೆಗೆ ಕೈ ಹಾಕಿ ಟೇಪನ್ನು ತೆಗೆದು ಮೇಜಿನ ಮೇಲಿಟ್ಟಳು. "ರೀ, ಇವತ್ತೊಂದಿನ ಇದು ಬೇಡ."

ಬೆಂಚಿನ ಮೇಲೆ ಹೆಂಡತಿ ಮತ್ತು ಭಾವಮೈದನ ನಡುವೆ ಅವನು ಕೂತ. ಕೂತದ್ದು ಹೆಸರಿಗೆ, ಅರ್ಧ ಮೈ ಕಟಕಟೆಯ ಮೇಲಿತ್ತು. ಕೆಳಗೆ ಹನ್ನೆರಡು ಮಕ್ಕಳ ಕೇಕೆ ತಗಡಿಗೆ ಬಡಿದು ಆಲಿಕಲ್ಲಿನಂತೆ ಉದುರುತ್ತಿತ್ತು. ಕೇಕ್ ಕತ್ತರಿಸಿದ್ದಾಯಿತು. ಮಕ್ಕಳು ಬೂಟು ಕಳಚಿ ಎಸೆದು ಜಾರತೊಡಗಿದರು. ಆಗ ಗುಬ್ಬಿ ಒಂದು ಕೆಲಸ ಮಾಡಿದಳು. ಗೋಡೆಯ ಪಕ್ಕಕ್ಕೆ ಹೋಗಿ, ಕಿವಿಯ ಹಿಂದಿನ ಮಶೀನನ್ನು ಬಿಚ್ಚಿ, ಅದರ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಫ್ರಾಕಿನ ಜೇಬಿಗಿಳಿಸಿದಳು.

ಅವನು ಎದ್ದು ನಿಂತ. "ತೆಗೆದುಬಿಟ್ಲು ಕಣೇ, ತೆಗೆದೇ ಬಿಟ್ಲು."

"ಗದ್ದಲ ಜಾಸ್ತಿಯಾದ್ರೆ ಶಾಲೇಲೂ ತೆಗೀತಾಳೆ. ಟೀಚರ್ ಹೇಳಿದ್ರು. ಕೂತ್ಕೊಳ್ಳಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಶಾಲೆಯೊಳಗೂ ನಿಲ್ತಿದ್ರಿ, ಭಾವ" ಎಂದ ಭಾವಮೈದ.

ಕೋರ್ಟಿನ ಈಚೆ ತುದಿಯಿಂದ ಒಬ್ಬ ಹುಡುಗ ಗುಬ್ಬಿಯನ್ನು ಕೂಗಿದ. ಅವಳು ತಿರುಗಲಿಲ್ಲ. ಮತ್ತೆ ಕೂಗಿದ. ಇಲ್ಲ. ಇನ್ನು ಆ ಹುಡುಗ ಸಿಟ್ಟಾಗುತ್ತಾನೆ, ಉಳಿದವರು ನಗುತ್ತಾರೆ, ಮಗುವಿನ ಮುಖ ಸಣ್ಣದಾಗುತ್ತದೆ, ಅಲ್ಲಿರುವ ಕೇಕಿನ ಮೇಜಿನ ಕೆಳಗೆ ಬೇಕಾದಷ್ಟು ಜಾಗವಿದೆ. ಕರೆಯಲೆಂದು ಪರದೆಯವನ ಬಾಯಿ ತೆರೆದೇಬಿಟ್ಟಿತ್ತು. ಹೆಂಡತಿ ಅವನ ಅಂಗಿಯ ಚುಂಗು ಹಿಡಿದು ಎಳೆದಳು.

ಹುಡುಗ ಸಿಟ್ಟಾಗಲಿಲ್ಲ. ಕಾಲ ಬಳಿ ಬಿದ್ದಿದ್ದ ಶಟಲ್ ಹೆಕ್ಕಿ ಮೇಲಕ್ಕೆ ಎಸೆದ. ಅದು ತೇಲುತ್ತ ಹೋಗಿ ಗುಬ್ಬಿಯ ಮುಂದೆ ಬಿತ್ತು. ಅವಳು ತಟ್ಟನೆ ತಿರುಗಿ, ಏನು ಎಂಬಂತೆ ಗದ್ದ ಎತ್ತಿದಳು. ಹುಡುಗ ಕೈಯಾಡಿಸಿ ಏನೋ ಹೇಳಿದ. ಹಲ್ಲು ಬಿದ್ದ ಗೆಳತಿ ನಡುವೆ ಬಂದು ತುಟಿ ಅಗಲಿಸಿ ಅದನ್ನೇ ಇನ್ನಷ್ಟು ವಿಕಾರವಾಗಿ ಹೇಳಿದಳು. ಮೂವರೂ ಹೊಟ್ಟೆ ಹಿಡಿದು ನಕ್ಕರು. ಆ ಜೋಕು ಏನೆಂದು ಮೇಲೆ ಕೂತವನಿಗೆ ಕೇಳಿಸಲೇ ಇಲ್ಲ.

"ಏನಂದಳು ಅವಳು?" ಎಂದ.

"ನಂಗೇನು ಗೊತ್ತು" ಎಂದಳು ಹೆಂಡತಿ.

ಆಮೇಲೆ ಅವನು ನಿಧಾನವಾಗಿ ಬೆನ್ನನ್ನು ಬೆಂಚಿಗೆ ಆನಿಸಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಗುಬ್ಬಿ ಕೋರ್ಟಿನ ಆ ತುದಿಗೆ ಓಡಿ, ಬರಿಗಾಲಲ್ಲಿ ಜಾರಿ, ಬಿದ್ದು, ಎದ್ದಳು. ಒಮ್ಮೆಯೂ ಮೇಲೆ ನೋಡಲಿಲ್ಲ.

"ಎಷ್ಟಿರ್ಬಹುದು ರೀ, ಇಲ್ಲಿಂದ ಅವಳಿರೋ ಜಾಗಕ್ಕೆ?" ಹೆಂಡತಿ ಕೇಳಿದಳು.

ಅವನ ಕೈ ತಾನಾಗಿಯೇ ಕಿಸೆಗೆ ಹೋಯಿತು. ಕಿಸೆ ಖಾಲಿ. "ಅಳೆಯದೆ ಹೇಳಲ್ಲ."

"ಒಂದ್ಸಲ ಹೇಳಿದ್ರಿ."

"ಯಾವತ್ತು? ಇಷ್ಟು ವರ್ಷದಲ್ಲಿ ಒಂದು ಕಿಟಕಿಗೂ ಹೇಳಿದೋನಲ್ಲ ನಾನು."

"ಕಿಟಕಿಗಲ್ಲ" ಎಂದಳು ಅವಳು. "ಆ ಕಿವಿ ಡಾಕ್ಟ್ರ ಹತ್ರ."

ಅವನಿಗೆ ನೆನಪಾಯಿತು. ಹಸಿರು ಗೋಡೆಯ ಆ ಕೋಣೆ, ಮೇಜಿನ ಆಚೆ ಪೆನ್ನು ಹಿಡಿದು ಕಾಯುತ್ತಿದ್ದ ಡಾಕ್ಟರು, ಹೆಂಡತಿಯ ತೊಡೆಯ ಮೇಲೆ ಬೆಕ್ಕಿನ ಚಿತ್ರದ ಪುಸ್ತಕ ತಿರುವುತ್ತಿದ್ದ ಮಗು. ಎಷ್ಟು ದೂರ ಎಂದು ಅವರು ಕೇಳಿದಾಗ ಅವನಿಗೆ ಗೊತ್ತಿಲ್ಲ ಎನ್ನಲು ಹೆದರಿಕೆಯಾಗಿತ್ತು. ಟೇಪು ಕಿಸೆಯಲ್ಲೇ ಇತ್ತು, ತೆಗೆದಿರಲಿಲ್ಲ. ಮಗುವನ್ನು ಕರೆದೂ ನೋಡಿರಲಿಲ್ಲ. ಬಾಗಿಲಿನಿಂದ ಕುರ್ಚಿಯವರೆಗೆ ಒಮ್ಮೆ ಕಣ್ಣು ಹಾಯಿಸಿ, ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿಬಿಟ್ಟಿದ್ದ: "ಆರು ಅಡಿ."