ಮೆಟ್ಟಿಲ ಗೋಡೆಯ ಅಟಿಲಾ

ಕೆನಡಾದ ಎರಿನ್ ಮಿಲ್ಸಿನಲ್ಲಿ ನಾವು ಬಾಡಿಗೆಗಿದ್ದ ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲ ಗೋಡೆಯ ಮೇಲೆ ಒಂದು ಕೋಟು ತೂಗುತ್ತಿತ್ತು. ಕಪ್ಪು ಉಣ್ಣೆ, ಎದೆಗೆ ಅಡ್ಡಡ್ಡ ಬಂಗಾರದ ಬಣ್ಣದ ಹುರಿಗಳು. ಮೇಲಿನ ಮನೆಯ ಹಂಗೇರಿಯನ್ ಅಜ್ಜಿ, ನಮ್ಮ ಲ್ಯಾಂಡ್‌ಲೇಡಿ, ಅದನ್ನು ಅಟಿಲಾ ಅನ್ನುತ್ತಿದ್ದರು, ಅವರ ನಾಡಿನ ಕುದುರೆ ಸಿಪಾಯಿಗಳ ಕೋಟಂತೆ. ತೀರಿಹೋದ ಗಂಡನದು. ಪ್ರತಿ ಭಾನುವಾರ ಬ್ರಶ್ಶಿನಿಂದ ಉಜ್ಜುವರು. ಎಂಥ ಪತಿವ್ರತೆ ಎಂದು ನನಗೆ ಮೈ ಉರಿಯುತ್ತಿತ್ತು. ಎಂಥ ಪತಿವ್ರತೆ ಎಂದು ನನಗೆ ಮೈ ಉರಿಯುತ್ತಿತ್ತು. ಹಾಗೆ ಏಟು ತಿನ್ನುವ ಹಲ್ಲಿಯಾಗಿ ಕೆಳಗಡೆ ನಾನಿದ್ದೆನಲ್ಲ.

ನನ್ನ ಗಂಡನಿಗೆ ದಿನಾ ಜೋಳದ ರೊಟ್ಟಿಯೇ ಬೇಕು. ಕೈಯಗಲದ ಕಿಟಕಿಯ ಆ ಅಡುಗೆಮನೆಯಲ್ಲಿ ಹಂಚು ಕಾದರೆ ಸ್ಮೋಕ್ ಅಲಾರ್ಮು ಕಿರುಚುತ್ತಿತ್ತು. ಅಲಾರ್ಮು ಕಿರುಚಿದರೆ ಬೆಲ್ಟು. ಆ ಗದ್ದಲದಲ್ಲಿ ನನ್ನ ಕೂಗು ಯಾರಿಗೂ ಕೇಳದು, ಅವನಿಗೆ ಅದೇ ಅನುಕೂಲ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಹುಬ್ಬಳ್ಳಿಯಿಂದ ಅವ್ವ ಫೋನಿನಲ್ಲಿ ಹೇಳುತ್ತಿದ್ದಳು. ಉಣ್ಣಲು ಬಾಯಿ ನೆಟ್ಟಗಿರಬೇಕಲ್ಲ! ಒಮ್ಮೆ ಪೊಲೀಸರು ಬಂದಾಗಲೂ ಮೆಟ್ಟಿಲಲ್ಲಿ ಜಾರಿ ಬಿದ್ದೆ ಅಂದಿದ್ದೆ.

2017ರ ಚಳಿಗಾಲದ ಒಂದು ಸಂಜೆ ಮತ್ತೆ ಅಲಾರ್ಮು ಹೊಡೆದುಕೊಂಡಿತು. “ಎಷ್ಟ್ ಸಲ ಹೇಳಬೇಕ ನಿನಗ?” ಎಂದು ಜುಟ್ಟು ಹಿಡಿದು, ನನ್ನ ಅಂಗೈಯನ್ನು ಕಾದ ಹಂಚಿಗೆ ಒತ್ತಿದ. ಬಿಡಿಸಿಕೊಳ್ಳುವಷ್ಟರಲ್ಲಿ ಹಣೆಯನ್ನು ಗೋಡೆಗೆ ಬಡಿದ, ಮತ್ತೆ ಬಡಿದ. ಈ ಸಲ ಕೊಂದೇಬಿಡುತ್ತಾನೆ ಅನ್ನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ, ಕೈಯಲ್ಲಿ ಫೋನು. ಪೊಲೀಸರಿಗೆ ಆಗಲೇ ಹೇಳಿಯಾಗಿತ್ತು. ಅವನು ನನ್ನನ್ನು ಬಿಟ್ಟ. ನಾನು ಅಲ್ಲೇ ಕುಸಿದು ಕೂತೆ.

“ಜಾರಿ ಬಿದ್ನಿ ಅಂತ ಹೇಳು. ತಿಳೀತಿಲ್ಲೋ?” ಎಂದು ಹಲ್ಲು ಕಡಿದ.

ಅಜ್ಜಿಗೆ ಕನ್ನಡ ಬರದು, ಆದರೂ ತಿಳಿಯಿತು. ಗೋಡೆಯಿಂದ ಕೋಟು ಕಿತ್ತು ನನ್ನ ಮಡಿಲಿಗೆ ಎಸೆದರು. “ನನ್ನ ಗಂಡ ಇದನ್ನು ಹಾಕಿಕೊಂಡೇ ನನ್ನ ಹಲ್ಲು ಮುರಿದ,” ಎಂದರು ಇಂಗ್ಲಿಷಿನಲ್ಲಿ. “ಬಿದ್ದೆ ಅಂತ ನಾನೂ ಹೇಳಿದ್ದೆ. ಅವನು ಸತ್ತ ಮೇಲೂ ಹೆದರಿಕೊಂಡು ಇದನ್ನು ಉಜ್ಜುತ್ತಿದ್ದೇನೆ.”

ಪೊಲೀಸರು ಬಂದರು. ಅವರಲ್ಲೊಬ್ಬ ಪೊಲೀಸಮ್ಮ ಏನಾಯಿತೆಂದು ಕೇಳಿದಾಗ ಸುಟ್ಟ ಅಂಗೈ ಎತ್ತಿ ಹಿಡಿದೆ. “ಹಿ ಡಿಡ್ ಇಟ್,” ಅಂದೆ. ಅವನನ್ನು ಕರೆದೊಯ್ದರು.

ಗಾಯ ಮಾಗಿದ ಮೇಲೆ ಅಜ್ಜಿ ಕತ್ತರಿ ತಂದರು. ನಾನು ಹಳೆ ಬಟ್ಟೆ ಸೇರಿಸಿ ಕೌದಿ ಹೊಲಿಯುವುದನ್ನು ನೋಡಿದ್ದರು. ಅಟಿಲಾದ ತೋಳು, ಎದೆ, ಹುರಿ, ಎಲ್ಲವನ್ನೂ ಇಬ್ಬರೂ ಕೂತು ಚೂರುಚೂರು ಮಾಡಿದೆವು. ನಮ್ಮ ಕಡೆ ಹಿರಿಯರ ಬಟ್ಟೆಯ ಕೌದಿ ಹೊದ್ದರೆ ಅವರೇ ತಬ್ಬಿಕೊಂಡಂತೆ ಎನ್ನುತ್ತಾರೆ ಅಂದೆ. ಅಜ್ಜಿಯ ಕೈಯಿಂದ ಕತ್ತರಿ ಜಾರಿತು.

ಅದಕ್ಕೇ, ಹೊಲಿದು ಮುಗಿಸಿದ ಮೇಲೆ ಆ ಕೌದಿಯನ್ನು ಯಾರೂ ಹೊದೆಯಲಿಲ್ಲ. ಹೊರಬಾಗಿಲಿಗೆ ಹಾಸಿದೆವು. ಆಮೇಲಿನ ಭಾನುವಾರಗಳಲ್ಲಿ ಅಜ್ಜಿ ಅದರ ಮೇಲೆ ನಿಂತು ಬೂಟಿನ ಹಿಮ ಒರೆಸುತ್ತಿದ್ದರು.